ಮಗಳ ಚಿಕಿತ್ಸೆಗೆ ಮೂರು ಕೌಂಟರ್, ಒಂದಕ್ಕೊಂದು ಮಾತಿಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಇಪ್ಪತ್ತೆರಡು ವರ್ಷ ಆಯಿತು. ಬಿಲ್ಲು, ರಸೀದಿ, ವೋಚರ್, ಜಿಎಸ್‌ಟಿ, ಬೆಳಗಿನಿಂದ ರಾತ್ರಿವರೆಗೆ ಇದೇ ಕೆಲಸ. ಆದರೂ ಕಳೆದ ವರ್ಷ ಮಗಳನ್ನು ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿಯ ಬಿಲ್ಲು ಮತ್ತು ಇನ್ಶೂರೆನ್ಸ್ ಕಾಗದ ನನ್ನ ತಲೆಗೇ ಹತ್ತಲಿಲ್ಲ. ಲೆಕ್ಕ ಗೊತ್ತಿರುವ ನನಗೇ ಹೀಗಾದರೆ, ಹೊಲದ ಕೆಲಸ ಬಿಟ್ಟು ಮಗನನ್ನು ಕರ್ಕೊಂಡು ಬಂದ ಒಬ್ಬ ತಂದೆಗೆ ಏನಾಗಬೇಡ? ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಹಾಕಿ. ಮಗಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಅಪ್ಪಾ, ಹೆಸರು ಮಾತ್ರ ಹಾಕಬ್ಯಾಡ" ಅಂದಿದ್ದಾಳೆ. ಆಸ್ಪತ್ರೆಯ ಹೆಸರೂ ಹೇಳುವುದಿಲ್ಲ, ಇನ್ಶೂರೆನ್ಸ್ ಕಂಪನಿಯ ಹೆಸರೂ ಹೇಳುವುದಿಲ್ಲ. ಒಬ್ಬರನ್ನು ಬೈದು ಮುಗಿಯುವ ವಿಷಯ ಇದಲ್ಲ.

ಮಗಳಿಗೆ ಆಗ ಹದಿನಾರು. ಪಿಯುಸಿ ಸೈನ್ಸ್. ಮೊದಲು ಊಟ ಕಡಿಮೆ ಆಯಿತು, ಆಮೇಲೆ ನಿದ್ದೆ ಹೋಯಿತು, ಆಮೇಲೆ ಗೆಳತಿಯರ ಫೋನ್ ಎತ್ತುವುದನ್ನೇ ಬಿಟ್ಟಳು. ನಾವು ಪರೀಕ್ಷೆ ಭಯ ಅಂದುಕೊಂಡೆವು. ಸಿದ್ಧಾರೂಢ ಮಠಕ್ಕೆ ಕರ್ಕೊಂಡು ಹೋದೆವು, ಸೋದರಮಾವನ ಮನೆಗೆ ಎಂಟು ದಿನ ಕಳಿಸಿದೆವು. ಒಂದು ರಾತ್ರಿ ಅವರ ಅವ್ವನ ಹತ್ತಿರ ಕೂತು "ಅವ್ವಾ, ನಂಗ ಏನೂ ಬ್ಯಾಡ ಅನಸ್ತೈತಿ" ಅಂದಳು. ಮರುದಿನ ಮನೋವೈದ್ಯರ ಹತ್ತಿರ ಹೋದೆವು. ಡಿಪ್ರೆಶನ್ ಅಂದರು, ಜಾಸ್ತಿ ಇದೆ ಅಂದರು, ಒಂದು ವಾರ ಹತ್ತು ದಿನ ಆಸ್ಪತ್ರೆಯಲ್ಲಿದ್ದರೆ ಔಷಧಿ ಸರಿಯಾಗಿ ಹೊಂದಿಸಬಹುದು ಅಂದರು. ಡಾಕ್ಟರ್ ಒಳ್ಳೆಯವರು. ನರ್ಸ್‌ಗಳೂ ಒಳ್ಳೆಯವರು. ಮಗಳು ಇವತ್ತು ಕಾಲೇಜಿಗೆ ಹೋಗುತ್ತಿದ್ದಾಳೆ ಅಂದರೆ ಅದು ಅವರಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ತೊಂದರೆ ಶುರುವಾಗಿದ್ದು ಕೆಳಗಿನ ಮಹಡಿಯಲ್ಲಿ.

ಡಾಕ್ಟರ್ ಇರುವುದು ಎರಡನೇ ಮಹಡಿ. ಇನ್ಶೂರೆನ್ಸ್ ಡೆಸ್ಕ್ ಕೆಳಗೆ, ಔಷಧಿ ಅಂಗಡಿಯ ಬಾಜೂಕ. ಬಿಲ್ಲಿಂಗ್ ಕೌಂಟರ್ ಅದರ ಎದುರಿಗೆ. ಮೂರೂ ಕಡೆ ಫೈಲ್ ಹೊತ್ತು ತಿರುಗುವವನು ನಾನು. ನಾನು ಅಡ್ಮಿಶನ್ ಕಾಗದ ಹಿಡಿದು ಕೌಂಟರ್ ಮುಂದೆ ನಿಂತಿದ್ದೆ, ಮಗಳು ಪಕ್ಕದಲ್ಲೇ ಇದ್ದಳು, ಹಿಂದೆ ಹತ್ತು ಹನ್ನೆರಡು ಜನರ ಪಾಳಿ. ಒಳಗಿದ್ದ ಹುಡುಗ ಕಾಗದ ನೋಡಿ ಗಟ್ಟಿಯಾಗಿ ಕೇಳಿದ: "ಇದು ಮೆಂಟಲ್ ಕೇಸ್ ಅಲ್ಲೇನ್ರಿ? ಇದಕ್ಕ ಇನ್ಶೂರೆನ್ಸ್ ಬರಂಗಿಲ್ರಿ." ಪಾಳಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಗಳು ದುಪಟ್ಟಾವನ್ನು ಮುಖದವರೆಗೆ ಎಳೆದುಕೊಂಡಳು. "ಅಪ್ಪಾ, ನಾ ಹೊರಗ ನಿಂದಿರ್ತೀನಿ" ಅಂದವಳು ಹೋಗಿ ಸ್ಕೂಟರ್ ಸ್ಟ್ಯಾಂಡ್ ಹತ್ತಿರ ನಿಂತಳು. ಅವಳನ್ನು ಮತ್ತೆ ಒಳಗೆ ಕರ್ಕೊಂಡು ಬರಲು ಮುಕ್ಕಾಲು ತಾಸು ಬೇಕಾಯಿತು. ಬೇನೆಯ ಸುದ್ದಿಯನ್ನು ಗುಟ್ಟಾಗಿ ಇಡಬೇಕು ಅಂತ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ, ಅದಕ್ಕೇ ಒಂದು ಕಲಂ ಇದೆ, 23ನೇದು. ಕೌಂಟರಿನ ಹುಡುಗನಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಅವನದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಹದಿನಾರರ ಮಗು ಚಿಕಿತ್ಸೆಯ ಬಾಗಿಲಿನಿಂದ ಹೊರಗೆ ಹೋಗಿ ನಿಂತದ್ದು ನಿಜ.

ಆ ಹುಡುಗ ಹೇಳಿದ್ದೂ ತಪ್ಪೇ. ಇದನ್ನು ಎಲ್ಲ ತಂದೆ ತಾಯಂದಿರೂ ತಿಳಿದಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಂ ಏನು ಹೇಳುತ್ತದೆ ಅಂದರೆ, ದೇಹದ ಬೇನೆಗೆ ಯಾವ ರೀತಿ ವಿಮೆ ಕೊಡುತ್ತೀರೋ ಮನಸ್ಸಿನ ಬೇನೆಗೂ ಅದೇ ರೀತಿ ಕೊಡಬೇಕು. ಕಾಯ್ದೆ ಜಾರಿಯಾಗಿದ್ದು 2018ರಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಎಲ್ಲ ಕಂಪನಿಗಳಿಗೂ ಸುತ್ತೋಲೆ ಕಳಿಸಿತು. ಆದರೂ ಕೆಲವು ಕಡೆ ನಡೆಯಲಿಲ್ಲ. 2021ರಲ್ಲಿ ದೆಹಲಿ ಹೈಕೋರ್ಟ್, ಕಾಯ್ದೆ ಬಂದ ಮೇಲೆ ಮಾನಸಿಕ ಕಾಯಿಲೆಯನ್ನು ಹೊರಗಿಡುವ ಹಾಗಿಲ್ಲ ಅಂತ ಹೇಳಿತು. 2022ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರ ಇನ್ನೊಂದು ಸಲ ತಾಕೀತು ಮಾಡಿತು. ಇಷ್ಟೆಲ್ಲ ಆಗಿ ಎಷ್ಟೋ ವರ್ಷದ ಮೇಲೂ ಹುಬ್ಬಳ್ಳಿಯ ಒಂದು ಕೌಂಟರಿನಲ್ಲಿ "ಬರಂಗಿಲ್ರಿ" ಅನ್ನುವ ಉತ್ತರವೇ ಸಿಕ್ಕಿತು. ನಾನು ಕೇಳಿಕೊಂಡು ಸುಮ್ನೆ ಮನೆಗೆ ಬರುವವನಿದ್ದೆ. ವಾರ್ಡಿನ ಒಬ್ಬ ಹಿರಿಯ ಸಿಸ್ಟರ್ "ಯಾಕ್ರಿ ಬರಂಗಿಲ್ಲ? ಹಾಕ್ರಿ ನೀವು" ಅಂದದ್ದಕ್ಕೆ ಹಾಕಿದೆ.

ಕ್ಯಾಶ್‌ಲೆಸ್ ಅರ್ಜಿ, ಅಂದರೆ ಆಸ್ಪತ್ರೆಗೆ ಕಂಪನಿಯೇ ನೇರವಾಗಿ ಹಣ ಕಟ್ಟಲಿ ಅನ್ನುವ ಅರ್ಜಿ, ಹೋಯಿತು. ಮರುದಿನ ತಿರಸ್ಕಾರ ಬಂತು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಪರೀಕ್ಷೆ ಮತ್ತು ತಪಾಸಣೆಗೋಸ್ಕರ ಮಾತ್ರ ದಾಖಲಾದ ಕಾರಣ ಪಾಲಿಸಿಯಲ್ಲಿ ಅವಕಾಶ ಇಲ್ಲ ಅಂತ ಅರ್ಥ. ನನಗೆ ತಿಳಿಯಲಿಲ್ಲ. ಮಗಳಿಗೆ ದಿನಕ್ಕೆ ಮೂರು ಹೊತ್ತು ಔಷಧಿ ನಡೆದಿದೆ, ದಿನಾ ಕೌನ್ಸೆಲಿಂಗ್ ನಡೆದಿದೆ, ಬರೀ ತಪಾಸಣೆ ಹೇಗಾಗುತ್ತದೆ? ಡೆಸ್ಕಿಗೆ ಹೋದೆ. "ಕಂಪನಿಯವರನ್ನ ಕೇಳ್ರಿ" ಅಂದರು. ಕಂಪನಿಗೆ ಫೋನ್ ಮಾಡಿದೆ. "ಆಸ್ಪತ್ರೆಯವರು ಬರೆದದ್ದನ್ನೇ ನಾವು ನೋಡುವುದು" ಅಂದರು. ಆ ದಿನ ಹತ್ತೊಂಬತ್ತು ಸಲ ಫೋನ್ ಮಾಡಿದ್ದೇನೆ, ಮೊಬೈಲಿನಲ್ಲಿ ಲೆಕ್ಕ ಇದೆ. ಕೊನೆಗೆ ಕಳಿಸಿದ ಅರ್ಜಿಯ ಪ್ರತಿ ಕೊಡಿ ಅಂತ ಹಟ ಹಿಡಿದು ಕೂತೆ. ಕೊಟ್ಟರು. ಅಂಗಡಿಯಲ್ಲಿ ಲೆಡ್ಜರ್ ತಾಳೆ ನೋಡುವ ಹಾಗೆ ಒಂದೊಂದೇ ಸಾಲು ನೋಡಿದೆ.

ಒಂದು ಶಬ್ದ ಸಿಕ್ಕಿತು. ಡಾಕ್ಟರ್ ಕೇಸ್ ಪೇಪರಿನಲ್ಲಿ ರೋಗದ ಹೆಸರು ಬರೆದು, "ಅಬ್ಸರ್ವೇಶನ್ ಮತ್ತು ಔಷಧಿ ಹೊಂದಿಸಲು ದಾಖಲು" ಅಂತ ಬರೆದಿದ್ದರು. ಡೆಸ್ಕಿನವರು ಅರ್ಜಿಯಲ್ಲಿ ದಾಖಲಾತಿಯ ಕಾರಣ ಅನ್ನುವ ಜಾಗದಲ್ಲಿ ಬರೀ "ಅಬ್ಸರ್ವೇಶನ್" ಅಂತ ಟೈಪ್ ಮಾಡಿದ್ದರು. ಅಷ್ಟೇ. ಬರೀ ತಪಾಸಣೆಗೆ ಅಂತ ದಾಖಲಾದರೆ ಹಣ ಕೊಡುವುದಿಲ್ಲ ಅನ್ನುವ ಷರತ್ತು ಹೆಚ್ಚುಕಡಿಮೆ ಎಲ್ಲ ಪಾಲಿಸಿಗಳಲ್ಲೂ ಇರುತ್ತದೆ. ಆ ಒಂದು ಶಬ್ದ ನೇರವಾಗಿ ಹೋಗಿ ಆ ಷರತ್ತಿಗೆ ಬಿತ್ತು. ಜೂನಿಯರ್ ಡಾಕ್ಟರ್ ಒಬ್ಬರು ರಾತ್ರಿ ಡ್ಯೂಟಿಯಲ್ಲಿ ಮೂರು ಸಾಲು ಬರೆದುಕೊಟ್ಟರು: ರೋಗ ಇದು, ಮನೆಯಲ್ಲಿಟ್ಟು ಚಿಕಿತ್ಸೆ ಮಾಡುವುದು ಈಗ ಸುರಕ್ಷಿತ ಅಲ್ಲ, ಕೊಡುತ್ತಿರುವ ಔಷಧಿ ಇವು. ಆ ಮೂರು ಸಾಲು ಹೋದ ಮೇಲೆ ಮಂಜೂರಾಯಿತು.

ನಡುವೆ ಇನ್ನೊಂದು ಪ್ರಶ್ನೆ ಬಂದಿತ್ತು. ಕೇಸ್ ಪೇಪರಿನಲ್ಲಿ "ಎರಡು ವರ್ಷದಿಂದ ಮಂಕಾಗಿರುತ್ತಾಳೆ" ಅಂತ ಅವರ ಅವ್ವ ಹೇಳಿದ್ದನ್ನು ಬರೆದಿದ್ದರು. ಹಾಗಿದ್ದರೆ ಇದು ಪಾಲಿಸಿಗಿಂತ ಮೊದಲೇ ಇದ್ದ ಕಾಯಿಲೆಯಾ ಅಂತ ಪ್ರಶ್ನೆ. ನಮ್ಮ ಪಾಲಿಸಿಗೆ ಆರು ವರ್ಷ ತುಂಬಿತ್ತು, ಒಂದು ವರ್ಷವೂ ಕಂತು ತಪ್ಪಿಸಿಲ್ಲ. ಆರು ವರ್ಷದ ಪಾಲಿಸಿ, ಎರಡು ವರ್ಷದ ಲಕ್ಷಣ. ಪಾಲಿಸಿ ಶುರುವಾದ ತಾರೀಖು ಒಂದನ್ನು ಬರೆದು ಕಳಿಸಿದ್ದರೆ ಮುಗಿಯುತ್ತಿತ್ತು. ಆ ಪ್ರಶ್ನೆ ಬಂದಿದೆ ಅನ್ನುವುದೇ ನನಗೆ ಒಂದೂವರೆ ದಿನ ಗೊತ್ತಾಗಲಿಲ್ಲ, ಡೆಸ್ಕಿನ ಕಂಪ್ಯೂಟರಿನಲ್ಲಿ ಸುಮ್ನೆ ಕೂತಿತ್ತು. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು ಅಂತ 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆಯಲ್ಲಿದೆ. ಒಳ್ಳೆಯ ನಿಯಮ. ಆದರೆ ಕಂಪನಿ ಒಂದು ಗಂಟೆಯಲ್ಲಿ ಕೇಳಿದ ಪ್ರಶ್ನೆಗೆ ಆಸ್ಪತ್ರೆ ಒಂದೂವರೆ ದಿನ ಉತ್ತರ ಕೊಡದಿದ್ದರೆ ಏನು ಮಾಡುವುದು? ಅದಕ್ಕೆ ಕಾಯುವವರು ತಂದೆ ತಾಯಿ.

ಡಿಸ್ಚಾರ್ಜ್ ದಿನ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಡಾಕ್ಟರ್ ಬಂದು "ಇವತ್ತ ಮನಿಗೆ ಹೋಗು ಪುಟ್ಟಿ" ಅಂದರು. ಎಂಟು ದಿನದಲ್ಲಿ ಮೊದಲ ಸಲ ಮಗಳು ನಕ್ಕಳು. ತಾನೇ ಚೀಲ ತುಂಬಿದಳು, ತಲೆ ಬಾಚಿಕೊಂಡಳು, ಚಪ್ಪಲಿ ಹಾಕಿಕೊಂಡು ಮಂಚದ ಅಂಚಿಗೆ ಕೂತಳು. ಹನ್ನೆರಡಾಯಿತು. ಎರಡಾಯಿತು. ಊಟ ಬೇಡ, ಮನೆಯಲ್ಲೇ ಮಾಡುತ್ತೇನೆ ಅಂದಳು. ನಾಲ್ಕಾಯಿತು. ಚಪ್ಪಲಿ ತೆಗೆಯಲಿಲ್ಲ. ಆರು ಗಂಟೆಗೆ ಗೋಡೆಗೆ ಮುಖ ಮಾಡಿ ಮಲಗಿದಳು, ಚಪ್ಪಲಿ ಹಾಕಿಕೊಂಡೇ. ಮಂಜೂರಾತಿ ಬಂದದ್ದು ರಾತ್ರಿ ಎಂಟೂವರೆಗೆ. ಡಿಸ್ಚಾರ್ಜ್ ಮಂಜೂರಾತಿ ಮೂರು ಗಂಟೆಯೊಳಗೆ ಕೊಡಬೇಕು, ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿಗೆ ಹಣ ಹಾಕಿದರೆ ಆ ಹಣ ಕಂಪನಿಯೇ ಭರಿಸಬೇಕು ಅಂತ ಅದೇ ಸುತ್ತೋಲೆಯಲ್ಲಿದೆ. ನಾನು ಕಂಪನಿಯ ಮೇಲೆ ಜಗಳಕ್ಕೆ ಹೋದೆ. ಆಗ ಗೊತ್ತಾಗಿದ್ದು: ಆ ಮೂರು ಗಂಟೆಯ ಲೆಕ್ಕ ಶುರುವಾಗುವುದು ಡಾಕ್ಟರ್ ಹೇಳಿದಾಗ ಅಲ್ಲ, ಆಸ್ಪತ್ರೆಯ ಕಾಗದ ಕಂಪನಿಗೆ ಮುಟ್ಟಿದಾಗ. ನಮ್ಮ ಕಾಗದ ಹೋದದ್ದು ಸಂಜೆ ಐದೂವರೆಗೆ. ಯಾಕೆ ಅಂದರೆ ಡಿಸ್ಚಾರ್ಜ್ ಸಮರಿ ಎರಡನೇ ಮಹಡಿಯಲ್ಲಿ ಸಹಿಗೆ ಕಾಯುತ್ತಿತ್ತು, ಔಷಧಿ ಅಂಗಡಿಯ ಬಾಕಿ ಲೆಕ್ಕ ಬಿಲ್ಲಿಂಗ್‌ಗೆ ಬಂದಿರಲಿಲ್ಲ, ಇನ್ಶೂರೆನ್ಸ್ ಡೆಸ್ಕಿನವರು ಇವೆರಡೂ ತಾವಾಗೇ ಬರಲಿ ಅಂತ ಕೂತಿದ್ದರು. ಮೂವರೂ ತಮ್ಮ ತಮ್ಮ ಕೆಲಸ ಮಾಡಿದ್ದಾರೆ. ಒಬ್ಬರಿಗೊಬ್ಬರು ಒಂದು ಫೋನ್ ಮಾಡಿಲ್ಲ. ಹಲ್ಲುನೋವಿನವರು ಹತ್ತೂವರೆ ತಾಸು ಕಾದರೆ ಬೇಜಾರಾಗುತ್ತದೆ ಅಷ್ಟೇ. ಮನಸ್ಸು ಈಗ ತಾನೇ ಒಂದಿಷ್ಟು ಗಟ್ಟಿಯಾಗುತ್ತಿರುವ ಮಗುವಿಗೆ ಆ ಹತ್ತೂವರೆ ತಾಸು ಬೇರೆಯೇ.

ಈಗ ಹಣದ ಲೆಕ್ಕ. ಇದನ್ನು ನಾನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಮುಖ್ಯ ವಿಷಯ ಇರುವುದು ಇಲ್ಲೇ. ಒಟ್ಟು ಬಿಲ್ಲು 78,600 ರೂಪಾಯಿ. ಕಂಪನಿ ಕೊಟ್ಟದ್ದು 52,400. ನಮ್ಮ ಕೈಯಿಂದ 26,200. ಈ 26,200ರಲ್ಲಿ ಮನೋವೈಜ್ಞಾನಿಕ ಪರೀಕ್ಷೆಗಳಿಗೆ 4,500, ಕೌನ್ಸೆಲಿಂಗ್ ಆರು ಸಲ, ಸಲಕ್ಕೆ 1,200ರಂತೆ 7,200, ಜೊತೆಗಿದ್ದವರ ಮಂಚ ಮತ್ತು ಊಟಕ್ಕೆ 4,700, ರೂಮಿನ ಲೆಕ್ಕದಲ್ಲಿ ಕಡಿತ 9,800.

ರೂಮಿನದ್ದು ನೋಡಿ. ನಮ್ಮದು ಮೂರು ಲಕ್ಷದ ಪಾಲಿಸಿ, ದಿನಕ್ಕೆ ಶೇಕಡಾ ಒಂದು, ಅಂದರೆ 3,000 ರೂಪಾಯಿ ರೂಮಿಗೆ ಮಿತಿ. ನಾವು ಇದ್ದ ರೂಮು 4,000. ಎಂಟು ದಿನಕ್ಕೆ ಎಂಟು ಸಾವಿರ ನಮ್ಮ ತಲೆಗೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಮಿತಿ ಮೀರಿದ ರೂಮು ತಗೊಂಡರೆ ಡಾಕ್ಟರ್ ಭೇಟಿ, ನರ್ಸಿಂಗ್ ಇವುಗಳ ಬಿಲ್ಲಿನಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಅವು 7,200 ಇದ್ದವು, ಕಾಲು ಭಾಗ 1,800 ಹೋಯಿತು. ಸರಿ, ನಾವು ದುಬಾರಿ ರೂಮು ಯಾಕೆ ತಗೊಂಡೆವು? ಶೋಕಿಗಲ್ಲ. 3,000ದ ರೂಮಿನಲ್ಲಿ ಎರಡು ಮಂಚ, ಇನ್ನೊಂದು ಮಂಚದಲ್ಲಿ ದೊಡ್ಡವರೊಬ್ಬರು ಮಾನಸಿಕ ಚಿಕಿತ್ಸೆಗೆ ಇದ್ದರು. ಅಪ್ರಾಪ್ತ ವಯಸ್ಸಿನ ಮಕ್ಕಳನ್ನು ಮಾನಸಿಕ ಚಿಕಿತ್ಸೆಗೆ ದಾಖಲು ಮಾಡಿದರೆ ದೊಡ್ಡವರಿಂದ ಬೇರೆಯಾಗಿ ಇಡಬೇಕು ಅಂತ ಅದೇ 2017ರ ಕಾಯ್ದೆಯ 87ನೇ ಕಲಂ ಹೇಳುತ್ತದೆ. ಪೋಷಕರು ಅಥವಾ ಅವರು ನೇಮಿಸಿದವರು ಪೂರ್ತಿ ಸಮಯ ಮಗುವಿನ ಜೊತೆಗೇ ಇರಬೇಕು ಅಂತಲೂ ಅದೇ ಕಲಂ ಹೇಳುತ್ತದೆ. ಎರಡೂ ಒಳ್ಳೆಯದೇ, ಮಕ್ಕಳಿಗೆ ಹಾಗೇ ಇರಬೇಕು. ಆದರೆ ಕಾನೂನು ಬೇರೆ ರೂಮು ಬೇಕು ಅಂತ ಹೇಳಿ, ಪಾಲಿಸಿ ಅದನ್ನು ನಮ್ಮ ಆಸೆ ಅಂತ ಲೆಕ್ಕ ಹಿಡಿದರೆ? ಕಾನೂನು ಅವ್ವ ಜೊತೆಗಿರಲೇಬೇಕು ಅಂತ ಹೇಳಿ, ಪಾಲಿಸಿ ಅವಳ ಮಂಚ ವೈದ್ಯಕೀಯ ಖರ್ಚಲ್ಲ ಅಂತ ತೆಗೆದುಹಾಕಿದರೆ? ಸಕ್ಕರೆ ಕಾಯಿಲೆಗೋ ಅಪೆಂಡಿಕ್ಸಿಗೋ ಸೇರಿದವರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಹದಿನೆಂಟರ ಒಳಗಿನ ಮಕ್ಕಳ ಮನಸ್ಸಿನ ಚಿಕಿತ್ಸೆಗೆ ಮಾತ್ರ ಬರುತ್ತದೆ. ದೇಹದ ಬೇನೆಗೂ ಮನಸ್ಸಿನ ಬೇನೆಗೂ ಒಂದೇ ನ್ಯಾಯ ಅನ್ನುವುದು ಕಾಗದದಲ್ಲಿದೆ, ಬಿಲ್ಲಿನಲ್ಲಿ ಇಲ್ಲ.

ನಾನು ಇದನ್ನೇ ಬರೆದು ಕಂಪನಿಯ ದೂರು ಅಧಿಕಾರಿಗೆ ಕಳಿಸಿದೆ. ಡಾಕ್ಟರ್ ಹತ್ತಿರ ಒಂದು ಪತ್ರ ತಗೊಂಡು ಲಗತ್ತಿಸಿದೆ, ವಯಸ್ಸು ಹದಿನಾರು, ಕಾನೂನಿನ ಪ್ರಕಾರ ಪ್ರತ್ಯೇಕ ರೂಮು ಬೇಕಾಗಿತ್ತು, ಬೇರೆ ರೂಮು ಲಭ್ಯ ಇರಲಿಲ್ಲ ಅಂತ. ಐದು ವಾರದ ಮೇಲೆ ರೂಮಿನ 9,800 ವಾಪಸ್ ಬಂತು. ಅಂದರೆ ದಾರಿ ಇತ್ತು. ಅದೇ ಪತ್ರವನ್ನು ಮೊದಲ ದಿನ ಅರ್ಜಿಯ ಜೊತೆಗೇ ಕಳಿಸಿದ್ದರೆ ಐದು ವಾರ ಬೇಕಿರಲಿಲ್ಲ, ಅಲ್ವಾ?

ಕೌನ್ಸೆಲಿಂಗ್‌ನ 7,200 ಬರಲೇ ಇಲ್ಲ. ಕಾರಣ, ಅದರ ರಸೀದಿ ಬೇರೆ ಪುಸ್ತಕದಲ್ಲಿ ಕೊಟ್ಟಿದ್ದರು. ಆಸ್ಪತ್ರೆಯ ಬಿಲ್ ನಂಬರ್ ಇಲ್ಲ, ಕೌನ್ಸೆಲರ್ ಅವರ ನೋಂದಣಿ ಸಂಖ್ಯೆ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ, ಅದರ ಸಂಖ್ಯೆ ರಸೀದಿ ಮೇಲೆ ಬೇಕು. ನಮಗೆ ಚಿಕಿತ್ಸೆ ಕೊಟ್ಟವರಿಗೆ ಆ ನೋಂದಣಿ ಇತ್ತು. ರಸೀದಿ ಮೇಲೆ ಇರಲಿಲ್ಲ. ಅಂಗಡಿಯಲ್ಲಿ ಜಿಎಸ್‌ಟಿ ನಂಬರ್ ಇಲ್ಲದ ಬಿಲ್ಲು ಬಂದರೆ ನಾನು ತಕ್ಷಣ ವಾಪಸ್ ಕಳಿಸುತ್ತೇನೆ. ಆಸ್ಪತ್ರೆಯಲ್ಲಿ ಅದನ್ನು ನೋಡಬೇಕು ಅಂತ ನನಗೇ ಹೊಳೆಯಲಿಲ್ಲ, ಆ ದಿನಗಳಲ್ಲಿ ತಲೆ ಎಲ್ಲಿತ್ತೋ.

ಇನ್ನೊಂದು ನಷ್ಟ ನಾವೇ ತಿಳಿಯದೆ ಮಾಡಿಕೊಂಡದ್ದು. ನಮ್ಮ ಪಾಲಿಸಿಯಲ್ಲಿ ದಾಖಲಾಗುವ ಮೊದಲಿನ 30 ದಿನ, ಡಿಸ್ಚಾರ್ಜ್ ಆದ ಮೇಲಿನ 60 ದಿನದ ಖರ್ಚೂ ಬರುತ್ತದೆ. ತುಂಬಾ ಪಾಲಿಸಿಗಳಲ್ಲಿ ಹೀಗೇ ಇದೆ. ಯಾರೂ ಹೇಳಲಿಲ್ಲ. ಐವತ್ತನೇ ದಿನ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಇಲ್ಲದಾಗ ಪಾಲಿಸಿ ಪುಸ್ತಕ ತೆಗೆದು ಓದಿದೆ, ಆಗ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಅರ್ಧ ರಸೀದಿ ಎಲ್ಲೋ ಹೋಗಿದ್ದವು.

60 ದಿನ ಮುಗಿದ ಮೇಲೆ ಏನು? ಏನೂ ಇಲ್ಲ. ಇದು ನನ್ನ ದೊಡ್ಡ ದೂರು. ಹರೆಯದ ಮಕ್ಕಳ ಮನಸ್ಸಿನ ಚಿಕಿತ್ಸೆ ಆಸ್ಪತ್ರೆಯ ಮಂಚದಲ್ಲಿ ಮುಗಿಯುವಂಥದ್ದಲ್ಲ. ಹೆಚ್ಚಿನ ಮಕ್ಕಳು ಸೇರುವುದೇ ಇಲ್ಲ, ಅದರ ಅಗತ್ಯವೇ ಬರುವುದಿಲ್ಲ. ಅವರಿಗೆ ಬೇಕಾಗಿರುವುದು ವಾರಕ್ಕೊಮ್ಮೆ ಕೌನ್ಸೆಲಿಂಗ್, ತಿಂಗಳಿಗೊಮ್ಮೆ ಡಾಕ್ಟರ್ ಭೇಟಿ, ದಿನಾ ಮಾತ್ರೆ, ತಂದೆ ತಾಯಿಯನ್ನೂ ಕೂರಿಸಿಕೊಂಡು ಮಾತಾಡುವುದು. ಇದು ಆರು ತಿಂಗಳು, ವರ್ಷ ನಡೆಯುತ್ತದೆ. ನಮಗೆ ತಿಂಗಳಿಗೆ ಆರು ಸಾವಿರದ ಆಸುಪಾಸು ಆಗುತ್ತಿದೆ. ಸಾಮಾನ್ಯ ಪಾಲಿಸಿ 24 ಗಂಟೆ ಮಂಚ ಹಿಡಿದವರಿಗೆ ಮಾತ್ರ. ಒಪಿಡಿ, ಅಂದರೆ ಸೇರದೆ ಬಂದು ಹೋಗುವ ಚಿಕಿತ್ಸೆಯ ಖರ್ಚು, ಕೊಡುವ ಪಾಲಿಸಿ ಇವೆ, ಕಂತು ಜಾಸ್ತಿ, ಮಿತಿ ಕಡಿಮೆ. ಇದರಿಂದ ಏನಾಗುತ್ತದೆ ಗೊತ್ತಾ? ನಮ್ಮ ವಾರ್ಡಿನಲ್ಲಿದ್ದ ಗದಗಿನ ಒಬ್ಬರು ನನ್ನ ಹತ್ತಿರ ಹೇಳಿದರು: ಮಗನಿಗೆ ಕೌನ್ಸೆಲಿಂಗ್ ನಾಲ್ಕು ಸಲ ಆದ ಮೇಲೆ ಹಣ ಇಲ್ಲ ಅಂತ ಬಿಡಿಸಿದರಂತೆ, ಐದು ತಿಂಗಳ ಮೇಲೆ ಸೇರಿಸಬೇಕಾದ ಸ್ಥಿತಿಗೆ ಬಂದನಂತೆ. ಸಣ್ಣ ಖರ್ಚಿಗೆ ಹಣ ಕೊಡದೆ ದೊಡ್ಡ ಖರ್ಚಿಗೆ ಕಂಪನಿ ಹಣ ಕೊಟ್ಟಿತು. ಆ ಹುಡುಗನ ಒಂದು ವರ್ಷದ ಓದು ಹೋಯಿತು, ಅದನ್ನು ಯಾರು ಕೊಡುತ್ತಾರೆ?

ಇದು ಎಲ್ಲೋ ಒಬ್ಬಿಬ್ಬರ ಮನೆಯ ಕಥೆ ಅಂದುಕೊಳ್ಳಬೇಡಿ. ನಿಮ್ಹಾನ್ಸ್ 2015–16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ನನ್ನ ಮಗಳ ಕಾಲೇಜಿನಲ್ಲಿ ಒಂದು ಸೆಕ್ಷನ್‌ಗೆ ಎಂಬತ್ತು ಮಕ್ಕಳು. ಅಂದರೆ ಒಂದೊಂದು ಕ್ಲಾಸಿನಲ್ಲಿ ಐದಾರು ಮಕ್ಕಳು. ಧಾರವಾಡದ ಕೋಚಿಂಗ್ ಕ್ಲಾಸುಗಳಲ್ಲಿ, ಹಾಸ್ಟೆಲ್ಲುಗಳಲ್ಲಿ ಇನ್ನೆಷ್ಟು ಮಕ್ಕಳು ಸುಮ್ನೆ ಕೂತಿದ್ದಾರೋ.

ಹಾವೇರಿ ಜಿಲ್ಲೆಯ ಒಬ್ಬ ರೈತರ ವಿಷಯ ಹೇಳದೆ ಇರಲಾರೆ. ಅವರ ಮಗನಿಗೆ ಹದಿನೈದು. ಇನ್ಶೂರೆನ್ಸ್ ಇಲ್ಲ, ಬಿಪಿಎಲ್ ಕಾರ್ಡ್ ಇದೆ. ಗೋವಿನಜೋಳ ಮಾರಿದ ಹಣ ಪೂರ್ತಿ ತಂದಿದ್ದರು, ಸಾಲದ್ದಕ್ಕೆ ಕೈಗಡ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರದ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ, ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದ್ದಕ್ಕೆ ರೆಫರಲ್ ಚೀಟಿ ಕೊಡುತ್ತಾರೆ. ಅವರಿಗೆ ಅದು ಗೊತ್ತಿಲ್ಲ. ನೇರವಾಗಿ ಬಂದುಬಿಟ್ಟಿದ್ದರು. ಅದಕ್ಕಿಂತ ಹೆಚ್ಚಾಗಿ, ಧಾರವಾಡದಲ್ಲೇ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರ ನಡೆಸುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ, ಕೈಯಲ್ಲಿ ಕಾರ್ಡ್ ಇರಲಿ ಇಲ್ಲದಿರಲಿ, ಅಂತ ಕಾಯ್ದೆಯ 18ನೇ ಕಲಂನಲ್ಲೇ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಮ್ಮ ಬಿಲ್ಲಿಂಗ್ ಕೌಂಟರಿನಲ್ಲಿ ಇಷ್ಟನ್ನು ಯಾರಾದರೂ ಒಬ್ಬರು ಅವರಿಗೆ ಮೊದಲ ದಿನ ಹೇಳಿದ್ದರೆ ಆ ಮನುಷ್ಯ ಸಾಲ ಮಾಡುತ್ತಿರಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಅವರು ಊರಿಗೆ ಹೋಗಿದ್ದರು.

ನಾನು ಕೇಳುವುದು ದೊಡ್ಡದೇನಲ್ಲ. ಹರೆಯದ ಮಕ್ಕಳ ಮಾನಸಿಕ ಚಿಕಿತ್ಸೆ ಕೊಡುವ ಪ್ರತಿ ಆಸ್ಪತ್ರೆಯಲ್ಲಿ ಒಬ್ಬರು ಇರಲಿ, ಒಬ್ಬರೇ ಸಾಕು. ಡಾಕ್ಟರ್, ಬಿಲ್ಲಿಂಗ್, ಇನ್ಶೂರೆನ್ಸ್ ಮೂವರ ನಡುವೆ ಓಡಾಡುವುದು ಅವರ ಕೆಲಸ ಆಗಲಿ, ಮಗುವಿನ ಅಪ್ಪನದಲ್ಲ. ಮಗು ಸೇರುವ ಮೊದಲು ಅರ್ಧ ಗಂಟೆ, ಬಾಗಿಲು ಹಾಕಿದ ಕೋಣೆಯಲ್ಲಿ, ತಂದೆ ತಾಯಿಯನ್ನು ಕೂರಿಸಿಕೊಂಡು ಕನ್ನಡದಲ್ಲಿ ಹೇಳಲಿ: ನಿಮ್ಮ ಪಾಲಿಸಿಯಲ್ಲಿ ಇದು ಬರುತ್ತದೆ, ಇದು ಬರುವುದಿಲ್ಲ, ಅಂದಾಜು ಇಷ್ಟು ನಿಮ್ಮ ಕೈಯಿಂದ ಹೋಗುತ್ತದೆ, ಈ ರಸೀದಿ ಇಟ್ಟುಕೊಳ್ಳಿ, ಬಿಪಿಎಲ್ ಕಾರ್ಡ್ ಇದ್ದರೆ ಮೊದಲು ಇಲ್ಲಿಗೆ ಹೋಗಿ. ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಲಿ. ಅರ್ಜಿಯಲ್ಲಿ ದಾಖಲಾತಿಯ ಕಾರಣವನ್ನು ಚಿಕಿತ್ಸೆ ಮಾಡುವ ಡಾಕ್ಟರೇ ಬರೆಯಲಿ. ಕಂಪನಿಯಿಂದ ಪ್ರಶ್ನೆ ಬಂದರೆ ಅವತ್ತೇ ಮನೆಯವರಿಗೆ ತೋರಿಸಲಿ. ಡಿಸ್ಚಾರ್ಜ್ ಇದೆ ಅಂತ ಹಿಂದಿನ ಸಂಜೆಯೇ ಡಾಕ್ಟರಿಗೆ ಗೊತ್ತಿರುತ್ತದೆ, ಕಾಗದದ ಕೆಲಸ ಆಗಲೇ ಶುರುವಾಗಲಿ. ಬಿಲ್ಲಿನ ಮೇಲೆ, ಎಸ್ಸೆಮ್ಮೆಸ್‌ನಲ್ಲಿ, ಕೌಂಟರಿನ ಕೂಗಿನಲ್ಲಿ ಬೇನೆಯ ಹೆಸರು ಬೇಡ. ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ. ನನ್ನ ಗೆಳೆಯನೊಬ್ಬ ಫ್ಯಾಕ್ಟರಿಯ ಗ್ರೂಪ್ ಇನ್ಶೂರೆನ್ಸ್ ಇದ್ದೂ ಮಗನ ಕ್ಲೇಮ್ ಹಾಕಲಿಲ್ಲ. ಆಫೀಸಿನಲ್ಲಿ ಗೊತ್ತಾಗುತ್ತದೆ ಅಂತ ಅವನಿಗೆ ಹೆದರಿಕೆ. ನಲವತ್ತು ಸಾವಿರ ಕೈಯಿಂದ ಕಟ್ಟಿದ.

ಕಂಪನಿಗಳಿಗೂ ಒಂದು ಮಾತು. ಅಪ್ರಾಪ್ತ ಮಗುವಿನ ಜೊತೆ ಇರುವವರ ಖರ್ಚನ್ನು, ಪ್ರತ್ಯೇಕ ರೂಮಿನ ಬಾಡಿಗೆಯನ್ನು ಚಿಕಿತ್ಸೆಯ ಭಾಗ ಅಂತ ಹಿಡಿಯಿರಿ. ಕೌನ್ಸೆಲಿಂಗ್‌ಗೆ ದಾಖಲಾತಿ ಬೇಕು ಅನ್ನುವ ಷರತ್ತನ್ನು ಮಕ್ಕಳ ವಿಷಯದಲ್ಲಾದರೂ ತೆಗೆಯಿರಿ. ತಿರಸ್ಕರಿಸುವ ಪತ್ರವನ್ನು ಕನ್ನಡದಲ್ಲಿ ಕಳಿಸಿ, ಯಾವ ಷರತ್ತಿನ ಕಾರಣಕ್ಕೆ ಅಂತ ಬಿಡಿಸಿ ಬರೆಯಿರಿ. ಕಂತು ಕಟ್ಟಿಸಿಕೊಳ್ಳಲು ಏಜೆಂಟರು ನಮ್ಮ ಜೊತೆ ಕನ್ನಡದಲ್ಲೇ ಮಾತಾಡಿದ್ದರು.

ನನ್ನ ಮಗಳು ಈಗ ಶನಿವಾರ ಕೌನ್ಸೆಲಿಂಗ್‌ಗೆ ಧಾರವಾಡಕ್ಕೆ ಹೋಗುತ್ತಾಳೆ. ಮೊದಮೊದಲು ನಾನು ಜೊತೆಗೆ ಹೋಗುತ್ತಿದ್ದೆ, ಈಗ ಚಿಗರಿ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುತ್ತಾಳೆ. ಬರುವಾಗ ರಸೀದಿ ತಂದು ನನ್ನ ಟೇಬಲ್ ಮೇಲೆ ಇಡುತ್ತಾಳೆ, ನೋಂದಣಿ ಸಂಖ್ಯೆ ಇದೆಯಾ ಅಂತ ತಾನೇ ನೋಡಿಕೊಂಡು.

ಕೊನೆಗೆ ಸಂಪಾದಕರಲ್ಲಿ ಒಂದು ವಿನಂತಿ. ಈ ಪತ್ರದ ಪಕ್ಕದಲ್ಲಿ ಒಂದು ಚೌಕಟ್ಟಿನಲ್ಲಿ ಇಷ್ಟು ಹಾಕಿ. ಮನಸ್ಸಿಗೆ ತೊಂದರೆ ಆದರೆ ಟೆಲಿ ಮಾನಸ್, 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಕ್ಲೇಮ್ ತಿರಸ್ಕಾರ ಆದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಲಿಖಿತ ದೂರು. ಐಆರ್‌ಡಿಎಐ ಸಹಾಯವಾಣಿ 155255. ಕಂಪನಿ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಇಲ್ಲದಿದ್ದರೆ, ವರ್ಷದೊಳಗೆ ಬೆಂಗಳೂರಿನಲ್ಲಿರುವ, ಪಾಲಿಸಿದಾರರ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್. ಆನ್‌ಲೈನಿನಲ್ಲೂ ದೂರು ಹಾಕಬಹುದು, ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಕೌನ್ಸೆಲಿಂಗ್‌ನ ಆ 7,200ಕ್ಕೆ ನಾನು ಹೋದ ವಾರ ಅಲ್ಲಿಗೇ ಹಾಕಿದ್ದೇನೆ.

ಇಂತಿ,
ಒಬ್ಬ ತಂದೆ
ಹುಬ್ಬಳ್ಳಿ
(ಹೆಸರು ಮತ್ತು ವಿಳಾಸ ನಿಮಗೆ ಬೇರೆಯಾಗಿ ಕಳಿಸಿದ್ದೇನೆ, ದಯವಿಟ್ಟು ಪ್ರಕಟಿಸಬೇಡಿ)